ಗಿರಣಿಯಲ್ಲಿ ಅಂದ ಹೂಂ

"ಮಿಷನ್ ಓಡ್ಸು, ಬ್ಯಾಡ ಅನ್ನಲ್ಲ. ಆದ್ರೆ ಇದ್ರೊಳಗೆ ಕುಂತು ಮೊಬೈಲ್‌ನಾಗೆ ಆ ಬಣ್ಣದಾಟ ಆಡಬ್ಯಾಡ ಕಣಪ್ಪ. ಅದು ಏನಾರ ಕೇಳಿದ್ರೆ ಹೂಂ ಅನ್ನಬ್ಯಾಡ."

ಉಚ್ಚಂಗಮ್ಮ ಹೊಸಿಲು ದಾಟಿರಲಿಲ್ಲ. ರಾಗಿಯ ಡಬ್ಬಿಯನ್ನು ಹೊರಗಿನಿಂದಲೇ ಒಳಕ್ಕೆ ತಳ್ಳಿದ್ದಳು.

ಜಯಕುಮಾರ್ ನಕ್ಕ. ಚಿತ್ರದುರ್ಗದ ಹುಡುಗ. ಹೆಂಡತಿ ಮೇಘಶ್ರೀ ಮತ್ತು ಮಗಳು ದುರ್ಗಾಳನ್ನು ಕರೆದುಕೊಂಡು ರಾಮಗಿರಿಗೆ ಬಂದು, ಬಾಗಿಲು ಹಾಕಿ ಬಿದ್ದಿದ್ದ ಈ ಹಿಟ್ಟಿನ ಗಿರಣಿಯನ್ನು ಬಾಡಿಗೆಗೆ ಹಿಡಿದಿದ್ದ. ಹಿಂಬದಿಗೇ ಮನೆ.

"ಯಾಕಜ್ಜಿ, ಮೊಬೈಲಿಗೂ ದೆವ್ವ ಹಿಡೀತಾ?"

"ನಿನಗಿಂತ ಮುಂಚೆ ಇಲ್ಲಿ ಮಾರಣ್ಣ ಅಂತ ಇದ್ನಂತೆ. ಆಟ ಗೆಲ್ಲಾಕೆ ಮಾಟ ಮಾಡ್ಸಿ, ಬೀಸೋ ಕಲ್ಲಿನ ಕೆಳಗೆ ತಾಮ್ರದ ತಗಡು ಹುಗಿಸಿದ್ನಂತೆ. ಆಮೇಲೆ ಆಟ ದುಡ್ಡು ಬಿಟ್ಟು ಬೇರೆ ಏನೇನೋ ಕೇಳಾಕೆ ಶುರು ಮಾಡ್ತಂತೆ."

"ಬರೀ ಅಂತೆ ಕಂತೆ! ಯಾರ ಮಗ ಅವ್ನು?"

ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನನ್ ಮಗನಂತೆ. ಊರೋರು ಹೇಳ್ತಾರೆ, ಫೋಟೋ ತೋರಿಸ್ತಾರೆ. ನನಗೆ ಆ ಮುಖ ನೋಡಿದ ನೆಪ್ಪೇ ಇಲ್ಲ."

"ನಿಂಗೆ ಅರಳುಮರಳು ಕಣಜ್ಜಿ. ಸಂಜೆ ಬಂದು ಹಿಟ್ಟು ತಗಂಡೋಗು."

ಅವಳ ಬೆನ್ನು ಮರೆಯಾಗುವುದಕ್ಕೂ ಕಾಯಲಿಲ್ಲ. ಮೂಟೆಗೆ ಒರಗಿ ಫೋನು ತೆಗೆದ. ಕೆಂಪೋ ಹಸಿರೋ ಹೇಳಿದರಾಯಿತು, ಅಷ್ಟೇ ಆಟ. ಇಂಥ ಆಟ ಕಟ್ಟಿದ ಬೇವರ್ಸಿಗಳ ಬುದ್ಧಿ ನೋಡಿ, ಮೊದಮೊದಲು ಗೆಲ್ಲಿಸುತ್ತಾರೆ. ಬೀದಿನಾಯಿಗೆ ಬನ್ನು ಎಸೆದು ಮನೆತನಕ ಕರೆದೊಯ್ದ ಹಾಗೆ. ಮೂರು ದಿನ ಗೆದ್ದ. ನಾಲ್ಕನೆಯ ದಿನ ಮಧ್ಯಾಹ್ನ, ಗೆದ್ದದ್ದೂ ಹೋಗಿ ಕೈಯಲ್ಲಿದ್ದದ್ದೂ ಹೋದಾಗ, ಫೋನು ಮಾತಾಡಿತು.

"ಯಾವ ಬಣ್ಣ, ಜಯಣ್ಣ?"

ಹೆಣ್ಣಿನ ದನಿ. ಗಂಟಲಲ್ಲಿ ಮರಳು ಸಿಕ್ಕಿಕೊಂಡ ಹಾಗೆ ಗರಗರ. ಜೊತೆಗೇ ಕಿಲುಬು ಹಿಡಿದ ತಾಮ್ರದ ವಾಸನೆ. ಚಿತ್ರದುರ್ಗದ ಗೆಳೆಯರು ಯಾರೋ ಕೀಟಲೆ ಮಾಡುತ್ತಿದ್ದಾರೆ ಎಂದುಕೊಂಡ. ಮೂಟೆಗಳ ಸಂದಿಯಲ್ಲಿ ಇಣುಕಿದ. ಮುದುಕಿಯೇ ಅಡಗಿರಬೇಕೆಂದು ಬಾಗಿಲ ಹಿಂದೆ ನೋಡಿದ. ಜೇಡ, ಹಿಟ್ಟಿನ ಧೂಳು, ಕತ್ತಲೆ. ಮತ್ತೇನಿಲ್ಲ.

"ದುಡ್ಡು ಮುಗೀತಾ? ನಾಲಿಗೆ ರುಚಿ ಪಣಕ್ಕಿಡು. ಗೆದ್ರೆ ಎಲ್ಲಾ ವಾಪಸ್. ಇಡ್ತೀಯಾ?"

"ಹೂಂ, ಇಟ್ಟೆ ತಗಾ," ಅಂದ, ನಗುತ್ತಾ. ಕೆಂಪು ಒತ್ತಿದ. ಹಸಿರು ಬಂತು.

ಊಟಕ್ಕೆ ಕುಳಿತರೆ ಮುದ್ದೆ ಹಸಿ ಮಣ್ಣಿನ ಉಂಡೆ. ಹುರುಳಿ ಸಾರು ಬರೀ ಬಿಸಿನೀರು.

"ಏನು ಹಾಕಿದೀಯ ಇದಕ್ಕೆ?" ಹೆಂಡತಿಯ ಕೈಯನ್ನೇ ಗುಮಾನಿಯಿಂದ ನೋಡಿದ.

"ಏನ್ರೀ ಹಂಗಂದ್ರೆ? ಮಗು ಉಣ್ತಾ ಐತೆ, ಕಾಣಲ್ವಾ?"

"ಅಪ್ಪಾ, ನಿನ್ ಸಾರು ನಂಗೆ ಕೊಡು," ಅಂದಳು ದುರ್ಗಾ. ಮೂಗಿನ ತುದಿಗೂ ಸಾರು ಮೆತ್ತಿಕೊಂಡಿತ್ತು.

ಮರುದಿನ ಆ ದನಿ ಸುತ್ತಿಬಳಸಲಿಲ್ಲ. "ನಿನ್ ಮಗಳು ಅಪ್ಪಾ ಅಂತಾಳಲ್ಲ, ಅದನ್ನ ಇಡು. ಇಡ್ತೀಯಾ?"

ಅವನ ಬೆನ್ನಿಗೆ ಯಾರೋ ತಣ್ಣನೆಯ ಅಂಗೈ ಇಟ್ಟಂತಾಯಿತು. ಮುದುಕಿಯ ಮುಖ ಕಣ್ಣ ಮುಂದೆ ಬಂತು. "ಇಲ್ಲ! ಇಲ್ಲ ಅಂದ್ನಲ್ಲ!" ಆಟವನ್ನು ಅಳಿಸಿದ. ಫೋನನ್ನು ತೌಡಿನ ಚೀಲದ ತಳಕ್ಕೆ ತುರುಕಿದ. ಅಂದಿನಿಂದ ಮಗಳು ಪ್ರತಿ ಸಲ ಅಪ್ಪಾ ಅಂದಾಗಲೂ ಉಸಿರು ಬಿಟ್ಟು ಹಗುರಾಗುತ್ತಿದ್ದ. ಯಾರು ಮಾತಾಡಿಸಿದರೂ ತುಟಿಗಳನ್ನೇ ದಿಟ್ಟಿಸುತ್ತಿದ್ದ. ಬಾಯಿ ಬಿಡುತ್ತಿರಲಿಲ್ಲ.

ಆದರೆ ಗಿರಣಿಯವನ ಬಾಯಿ ಎಷ್ಟು ದಿನ ಸುಮ್ಮನಿದ್ದೀತು? ಬೆಲ್ಟು ಪಟಪಟ ಬಡಿಯುತ್ತದೆ, ಕಲ್ಲು ಮೊರೆಯುತ್ತದೆ. ಎದುರಿಗೆ ನಿಂತವರು ಏನಂದರೂ ಕೇಳುವುದಿಲ್ಲ. ನುಣ್ಣಗೆ ಬೀಸು ಅಂದರೂ ಹೂಂ, ತರಿ ಬೀಸು ಅಂದರೂ ಹೂಂ. ಆ ಕಸುಬಿನ ಚಾಳಿಯೇ ಅದು.

ಅವತ್ತು ಗಿರಾಕಿ ಜಾಸ್ತಿ. ಹಿಟ್ಟಿನ ಮಬ್ಬಿನಲ್ಲಿ ಬಲ್ಬು ಮಿಣಮಿಣ. ಯಾರೋ ಏನೋ ಕೇಳಿದರು. ಹೂಂ ಅಂದ. ಡಬ್ಬಿ ಮುಂದಕ್ಕೆ ಬಂತು. ಹೂಂ. ಬೆನ್ನ ಹಿಂದಿನಿಂದ ಇನ್ನೊಬ್ಬರು ಕೇಳಿದರು.

"ಹೂಂ," ಅಂದ.

ಬೆನ್ನ ಹಿಂದೆ ಗೋಡೆ ಇತ್ತು.

ಗೋಡೆ ಮಾತ್ರ ಇತ್ತು.

ಸ್ವಿಚ್ಚು ಒತ್ತಿದ. ಕಲ್ಲು ನರಳಿತು. ಉರುಳಿತು. ನಿಂತಿತು. ಗಿರಾಕಿಗಳು ಬಯ್ದುಕೊಂಡು ಹೊರಗೆ ಹೋದರು. ತಾಮ್ರದ ವಾಸನೆ ಗಂಟಲಿಗೆ ಇಳಿಯಿತು. ಬಾಗಿಲಲ್ಲಿ ದುರ್ಗಾ, ಅಮ್ಮನ ಕೈ ಹಿಡಿದು.

"ಅಮ್ಮಾ, ಆ ಮಿಷನ್ ಮಾಮ ಯಾಕೆ ನನ್ನೇ ನೋಡ್ತಾನೆ?"

"ಏನೇ ಹುಡುಗಾಟ ನಿಂದು? ಅಪ್ಪ ಅಲ್ವೇನೇ!"

ಮಗು ಅಮ್ಮನ ಸೀರೆಯ ಹಿಂದೆ ಅವಿತುಕೊಂಡಿತು. ಅವನು ಕೈ ಚಾಚಿದರೆ ಕಿರುಚಿಕೊಂಡಿತು. ಜಯಕುಮಾರ್ ನೆಲಕ್ಕೆ ಕುಸಿದ. ಅಳುತ್ತಲೇ ಎಲ್ಲವನ್ನೂ ಹೇಳಿದ. ತೌಡಿನ ಚೀಲದೊಳಗಿಂದ ಬೆಳಕು ಸೋರತೊಡಗಿತು. ಅಳಿಸಿದ ಆಟ ತಾನೇ ತೆರೆದುಕೊಂಡಿತ್ತು, ಅವನ ಹೂಂ ಹಿಡಿದು ತಾನೇ ಆಡಿ ಮುಗಿಸಿತ್ತು.

"ಗೆದ್ರೆ ಮಗಳು ವಾಪಸ್, ಜಯಣ್ಣ."

ಮೇಘಶ್ರೀಗೂ ಕೇಳಿಸಿತು. ಅವನ ಭುಜ ಗಟ್ಟಿಯಾಗಿ ಹಿಡಿದಳು. "ಬ್ಯಾಡ್ರಿ. ನಿಮ್ ಕಾಲಿಗ್ ಬೀಳ್ತೀನಿ. ನನಗೆ ನೆಪ್ಪೈತಲ್ಲ? ದಿನಾ ಹೇಳ್ಕೊಡ್ತೀನಿ ಅದಕ್ಕೆ, ಇವ್ರೇ ನಿಮ್ಮಪ್ಪ ಅಂತ. ಇವತ್ತಲ್ಲ ನಾಳೆ ಅಂದೇ ಅಂತಾಳೆ. ಆ ಫೋನು ಒಲೆಗೆ ಹಾಕ್ರಿ, ಹೋಗಾಣ ನಡೀರಿ ದುರ್ಗಕ್ಕೆ."

ಅವಳು ಹೇಳಿದ್ದು ಸರಿ ಎಂದು ಅವನಿಗೆ ಗೊತ್ತಾಯಿತು. ಎದ್ದರೆ ಸಾಕಿತ್ತು. ಬಾಗಿಲು ಮೂರು ಮಾರು ದೂರ. ಆದರೆ ಎದೆ ಬೇರೆಯೇ ತಾಳದಲ್ಲಿ ಬಡಿಯುತ್ತಿತ್ತು. ಒಂದಾಟ. ಒಂದೇ ಒಂದು. ಇಷ್ಟು ಸಲ ಸೋತವನಿಗೆ ಈ ಸಲ ಬರಲೇಬೇಕು. ಬಂದೇ ಬರುತ್ತೆ. ಕೈ ತೌಡಿನೊಳಗೆ ಇಳಿದಾಗಿತ್ತು.

"ಹೆಂಡ್ತೀನ ಇ..."

"ಹೂಂ."

ಕಲ್ಲು ನಿಂತಿತ್ತು. ಎಲ್ಲವೂ ಸ್ಪಷ್ಟವಾಗಿ ಕೇಳುತ್ತಿತ್ತು. ದನಿ ಕೇಳಿ ಮುಗಿಸುವ ಮೊದಲೇ ಅವನು ಅಂದುಬಿಟ್ಟಿದ್ದ. ಕೆಂಪು ಒತ್ತಿದ.

ಹಸಿರು.

ಭುಜದ ಮೇಲಿದ್ದ ಕೈ ಬೆಂಕಿ ತಾಗಿದಂತೆ ಹಿಂದಕ್ಕೆ ಸರಿಯಿತು. ಮೇಘಶ್ರೀ ಸೆರಗು ಹೊದ್ದುಕೊಂಡಳು. ತಾನು ಇಲ್ಲಿ ಯಾಕೆ ಬಂದೆ ಎಂಬಂತೆ ಸುತ್ತ ನೋಡಿ, ಮಗುವನ್ನು ಸೊಂಟಕ್ಕೆ ಎತ್ತಿಕೊಂಡು, ಅಪರಿಚಿತನಿಗೆ ಹೆದರುವ ಹೆಂಗಸಿನಂತೆ ಎರಡು ಹೆಜ್ಜೆ ದೂರ ನಿಂತಳು.

"ನಮ್ ರಾಗಿ ಆಯ್ತೇನಣ್ಣ? ಬೇಗ ಕೊಡು, ನಮ್ ಮನೆಯೋರು ಉಣ್ಣಾಕೆ ಕಾಯ್ತಿರ್ತಾರೆ."

ಅವನು ತಲೆ ಎತ್ತಲಿಲ್ಲ. ಇನ್ನೇನು ಉಳಿದಿದೆ ಇಡುವುದಕ್ಕೆ ಎಂದು ಯೋಚಿಸುತ್ತಿದ್ದ.