ಹೋಮ್ ಐಲ್ಯಾಂಡಿನ ಹಸಿರು ಬಾವುಟ

ಕಚೇರಿಯ ಕಪಾಟು ಬರಿದಾಗಿತ್ತು! ಹಸಿರು ಬಟ್ಟೆ, ಎಡಕ್ಕೆ ಹಳದಿ ವೃತ್ತದಲ್ಲಿ ತೆಂಗಿನಮರ, ನಡುವೆ ಹಳದಿ ಅರ್ಧಚಂದ್ರ, ಬಲಕ್ಕೆ ಐದು ನಕ್ಷತ್ರ — ಕೊಕೋಸ್ ದ್ವೀಪಗಳ ದೊಡ್ಡ ಬಾವುಟ ಮಾಯವಾಗಿತ್ತು. ಮಧ್ಯಾಹ್ನದ ವಿಮಾನಕ್ಕೆ ಅತಿಥಿಗಳು ಬರುವವರಿದ್ದರು. ಅಷ್ಟರಲ್ಲಿ ಅದು ಸಿಗದಿದ್ದರೆ ಬಾವುಟ ಏರಿಸುವ ಅಜ್ರೀನನ ಕೆಲಸ ಹೋಗುವುದು ಖಂಡಿತ.

ಪೇದೆ ಪಾಕ್ ರೊಹಾನಾನಿಗೆ ಬೆಳಿಗ್ಗೆಯಿಂದ ತಲೆ ಕೆಟ್ಟಿತ್ತು. ಹಿರಿಮಗಳು ರೊಹಾನಾ ಹುಟ್ಟಿದಂದಿನಿಂದ ಊರಿಗೆಲ್ಲ ಅವನು ‘ಪಾಕ್’, ಅಂದರೆ ಅವಳ ಅಪ್ಪನೇ, ಸ್ವಂತ ಹೆಸರು ಯಾರಿಗೂ ಬೇಡ. ಊರೆಲ್ಲ ನೆಂಟರು. ಪ್ರಶ್ನೆ ಕೇಳಿದರೆ ಚಹಾ ಕೊಡುತ್ತಾರೆ, ಬಾಯಿ ಬಿಡುವುದಿಲ್ಲ.

“ಕಪಾಟಿಗೆ ಬೀಗ ಹಾಕಿದ್ಯೇನೋ?”

“ಈ ಊರಲ್ಲಿ ಯಾರು ಬೀಗ ಹಾಕ್ತಾರೆ, ಪಾಕ್?” ಅಜ್ರೀನ ಅಳುವುದೊಂದೇ ಬಾಕಿ. “ಸಾಹೇಬ್ರು ಆಗ್ಲೇ ಬೇರೆಯವರನ್ನ ಹುಡುಕ್ತಿದಾರಂತೆ!”

ದಂಡೆಯಲ್ಲಿ ಪಾಕ್ ಲತೀಫ್ ತನ್ನ ದೋಣಿಗೆ ಹಾಯಿ ಕಟ್ಟುತ್ತಿದ್ದ. ಹೊಸ ಹಾಯಿ — ಹಚ್ಚ ಹಸಿರು!

“ಎಲ್ಲಿಂದ ಬಂತು ಈ ಬಟ್ಟೆ?”

“ಪರ್ತ್‌ನಿಂದ ತಂಗಿ ಕಳ್ಸಿದ್ದು. ಇಗೋ, ಪೂರ್ತಿ ಬಿಚ್ಚಿ ನೋಡು. ಚಂದ್ರ ಇದ್ಯಾ? ಮರ ಇದ್ಯಾ? ಕಳ್ಳನ್ನ ಬಿಟ್ಟು ನನ್ನ ಹಾಯಿ ಹಿಡ್ಕೊಂಡ್ಯಲ್ಲ ಮಾರಾಯ!”

ಮೈಯೆಲ್ಲ ಉರಿದುಹೋಯಿತು. ಮುಖ ತೊಳೆಯಲೆಂದು ಪೇದೆ ಮಸೀದಿಯ ನಲ್ಲಿಗೆ ಹೋದ. ಅಲ್ಲಿ ಇಮಾಮರ ಹೆಂಡತಿ ಬರಹವಿದ್ದ ಹಸಿರು ಬಟ್ಟೆಯೊಂದನ್ನು ಉಜ್ಜುತ್ತಿದ್ದಳು.

“ಏನಕ್ಕಾ ಅದು?”

“ಶವದ ಮೇಲೆ ಹೊದಿಸೋದು. ರಂಜಾನ್‌ಗೆ ಮುಂಚೆ ಮಳೇಲಿ ನೆಂದು ಬೂಷ್ಟು ಹಿಡಿದಿತ್ತು. ಅವತ್ತಿಂದ ನಮ್ಮನೇಲೇ ಬಿದ್ದಿತ್ತು, ಈಗ ಕೈಗೆ ಬಂತು.”

ಪಾಕ್ ರೊಹಾನಾ ನಿಂತಲ್ಲೇ ನಿಂತ. ನೆಕ್ ಜೈರಾ ಅಜ್ಜಿಯ ಗಂಡನನ್ನು ಮಣ್ಣು ಮಾಡಿದ್ದು ಮೊನ್ನೆ ತಾನೇ! ಹಾಗಾದರೆ ಅಂದು ಹೊದಿಸಿದ್ದು ಏನನ್ನು?

ಅವನು ಅಜ್ಜಿಯ ಬಾಗಿಲಿಗೆ ಓಡಿದ.

“ಅಜ್ಜೀ, ಮಸೀದಿ ಬಟ್ಟೇಲಿ ಬರಹ ಇದೆ, ಚಂದ್ರ ಇಲ್ಲ. ಅಜ್ಜನ ಮೇಲಿದ್ದದ್ರಲ್ಲಿ ಚಂದ್ರ ಇತ್ತು. ಮರಾನೂ ನಕ್ಷತ್ರಾನೂ ಒಳಗೆ ಮಡಚಿಬಿಟ್ರಿ. ಹಸಿರು, ಮೇಲೊಂದು ಚಂದ್ರ — ನಾವೆಲ್ಲ ಮಸೀದೀದೇ ಅಂದ್ಕೊಂಡ್ವಿ. ಬಾವುಟ ತಗೊಂಡಿದ್ದು ನೀವು!”

“ನಾನೇ. ಅವರ ಉಸಿರು ಎಳೆಯೋಕೆ ಶುರುವಾದಾಗ್ಲೇ ತಂದಿಟ್ಕೊಂಡೆ.” ಅಜ್ಜಿ ಒಗೆದು ಮಡಚಿದ್ದ ಬಾವುಟವನ್ನು ಹೊಸ್ತಿಲ ಮೇಲಿಟ್ಟಳು. “ಜೀವಮಾನವೆಲ್ಲ ಮಾಲೀಕರ ತೆಂಗಿನಕಾಯಿ ಸುಲಿದ್ರು. ಬಾವುಟದ ಮರ ಒಂದೇ ನಮ್ದು ಕಣೇ ಅಂತಿದ್ರು. ಅದಕ್ಕೇ ಮರ ಅವರ ಎದೆ ಮೇಲೆ ಬರೋ ಹಾಗೆ ಮಡಚಿದೆ. ಕೇಳಿದ್ರೆ ಕಚೇರಿಯವರು ಕೊಡ್ತಿದ್ರಾ?”

“ವಾಪಸ್ ಇಡ್ಬಾರ್ದಿತ್ತಾ? ಅಜ್ರೀನನ ಅನ್ನಕ್ಕೇ ಕಲ್ಲು ಬೀಳ್ತಿತ್ತು!”

“ಗಂಡ ಸತ್ತವಳು ಹೊಸ್ತಿಲು ದಾಟೋ ಹಾಗಿದ್ಯೇನೋ? ನೀನೇ ಬರ್ತೀಯ ಅಂತ ಕಾಯ್ತಾ ಕೂತಿದ್ದೆ. ಹೋಗಿ ನನ್ನ ಹೆಸರೇ ಹೇಳು. ಆ ಹುಡುಗನ ಹೆಸರು ಬರಕೂಡ್ದು.”

ಪಾಕ್ ರೊಹಾನಾ ಹಣೆ ಚಚ್ಚಿಕೊಂಡ. “ಮುಂದೆ ಹೆಗಲು ಕೊಟ್ಟವನು ನಾನೇ, ಅಜ್ಜಿ! ಚಂದ್ರ ಮೂಗಿನ ಮುಂದೇ ಇತ್ತು!”

“ಮತ್ತೆ ನಿನ್ನನ್ನ ಮುಂದೆ ನಿಲ್ಲಿಸ್ದವರು ಯಾರು? ಪೊಲೀಸ್ನೋನೇ ಹೊತ್ಕೊಂಡು ಹೋದ್ರೆ ಯಾರಪ್ಪ ಅನುಮಾನ ಪಡ್ತಾರೆ?”