ಹವಳದ ಸುತ್ತ ಬರಿ ಮರಳು

ಇಷ್ಟು ದುಂಡಗೆ ಯಾವುದೂ ತಾನಾಗಿ ಬೋಳಾಗುವುದಿಲ್ಲ ಎಂದು ತ್ರಿವೇಣಿಗೆ ಖಾತ್ರಿಯಿತ್ತು.

ಉಪಗ್ರಹ ತೆಗೆದ ಚಿತ್ರದಲ್ಲಿ ಆಳವಿಲ್ಲದ ಕಡಲು ಹಸಿರು ಗಾಜಿನಂತೆ ಕಾಣುತ್ತಿತ್ತು. ತಳದ ತುಂಬ ಕಪ್ಪು ಹುಲ್ಲು. ಅದರ ನಡುವೆ ನೂರಾರು ಬಿಳಿ ಉಂಗುರಗಳು, ಯಾರೋ ಉಗುರಿನಿಂದ ಕೆರೆದು ಚರ್ಮ ಎಬ್ಬಿಸಿದಂತೆ. ಮೀನಿಗಾಗಿ ನೀರಿಗೆ ಸಿಡಿಮದ್ದು ಎಸೆಯುವವರ ಬಗ್ಗೆ ಅವಳು ಓದಿದ್ದಳು. ಒಂದೊಂದು ಉಂಗುರದ ಮೇಲೂ ಗುರುತು ಹಾಕಿದಳು: ಸ್ಫೋಟ.

ಪುಣೆಯ ಖರಾಡಿಯಲ್ಲಿದ್ದ ಅವಳ ಆಫೀಸಿನಲ್ಲಿ ಪ್ರತಿ ಚಿತ್ರವನ್ನೂ ಇಬ್ಬರು ನೋಡುತ್ತಾರೆ. ಇನ್ನೊಬ್ಬರು ಯಾರೆಂದು ಇಬ್ಬರಿಗೂ ಹೇಳುವುದಿಲ್ಲ. ಗುರುತುಗಳು ತಾಳೆಯಾಗದಿದ್ದಾಗ ಮಾತ್ರ ಎದುರುಬದುರು ಕೂರಿಸುತ್ತಾರೆ. ಅವಳು ಮೀಟಿಂಗ್ ರೂಮಿಗೆ ಹೋದಾಗ ಅಲ್ಲಿ ಕೂತಿದ್ದವನು ಹಾಸನದ ಶಮಂತ್, ಅವಳ ಹಿಂದಿನ ಸಾಲಿನವನು.

"ಎಲ್ಲಾ ಉಂಗುರಕ್ಕೂ ಬಾಂಬ್ ಹಾಕಿದೀರಲ್ಲಾ ಮೇಡಂ, ಯಾರ ಮೇಲೆ ಕೋಪ?"

"ನೀವು ಏನೂ ಆಗಿಲ್ಲಂತ ಬರದೀರಿ. ಕಣ್ಣೆದುರಿಗೆ ಕಾಣಸ್ತದಲ್ಲ."

ಅವನು ಚಿತ್ರವನ್ನು ದೊಡ್ಡದು ಮಾಡಿದ. "ನಡುವೆ ಚುಕ್ಕಿ ಇದೆ ನೋಡಿ, ಹವಳದ ಬಂಡೆ. ಬಾಂಬ್ ಬಿದ್ದಿದ್ರೆ ಫಸ್ಟ್ ಅದೇ ಪುಡಿ ಆಗ್ತಿತ್ತು. ಅದರ ಸಂದೀಲಿ ಸಣ್ಣ ಮೀನುಗಳಿರ್ತವೆ. ಹುಲ್ಲು ತಿನ್ನೋಕೆ ಹೊರಗೆ ಬರ್ತವೆ, ಆದ್ರೆ ದೊಡ್ಡ ಮೀನಿನ ಭಯ. ಎಲ್ಲಿಂದ ಓಡಿ ವಾಪಸ್ ಸೇರ್ಕೋಬಹುದೋ ಅಲ್ಲಿಯವರೆಗೆ ಮಾತ್ರ ಹೋಗ್ತವೆ. ಅಷ್ಟನ್ನೇ ಮೇಯ್ದು ಮೇಯ್ದು ಬೋಳು ಮಾಡ್ತವೆ. ಹೀಗೂ ಆಗತ್ತೆ ಅಂತಾರೆ."

"ಅದರಾಚೆ?"

"ಅದರಾಚೆ ಸೊಂಪಾದ ಹುಲ್ಲು. ಮುಟ್ಟೋರೇ ಇಲ್ಲ."

ತ್ರಿವೇಣಿಗೆ ಯಾರೋ ಆಕಾಶದಿಂದ ತನ್ನ ಮನೆಯ ಮೇಲೆ ಕ್ಯಾಮೆರಾ ಹಿಡಿದಂತಾಯಿತು. ಒಂಬತ್ತು ವರ್ಷ ಗಂಡ ಶಿವರಾಜನ ಕೈಲಿ ಏಟು ತಿಂದು, ಎಡ ಮುಂಗೈ ಮುರಿದ ಮೇಲೆ ಹೊರಬಿದ್ದವಳು ಅವಳು. ಕೋರ್ಟು ವಿಚ್ಛೇದನ ಕೊಟ್ಟಿತ್ತು. ತಳೇಗಾಂವದ ಕಾರ್ಖಾನೆಯಲ್ಲಿದ್ದ ಶಿವರಾಜ ಅದನ್ನು ಒಪ್ಪಿರಲಿಲ್ಲ; ಆಗಾಗ ಬೈಕಿನಲ್ಲಿ ಬಂದು ಅವಳ ಆಫೀಸಿನ ಎದುರು ಕಾಯುತ್ತಿದ್ದ. ಈಗ ವಾಕಡದಲ್ಲಿ ತಾಯಿಯ ಜೊತೆ ಇದ್ದಳು. ಮನೆ ಗೇಟಿನಲ್ಲಿ ಕಂಪನಿ ಬಸ್ಸು ಹತ್ತುವುದು, ಆಫೀಸಿನ ಗೇಟಿನೊಳಗೆ ಇಳಿಯುವುದು. ಅವಳ ಪುಣೆ ಅಷ್ಟೇ.

ಅಂದಿನಿಂದ ಸಂಜೆಯಾದರೆ ಶಮಂತ್ ಅವಳ ಮೇಜಿನ ಬಳಿ ಬಂದು ನಿಲ್ಲುತ್ತಿದ್ದ.

"ಎದುರುಗಡೆ ಅಂಗಡೀಲಿ ಅಮೃತತುಲ್ಯ ಚಹಾ?"

"ಇಲ್ಲೇ ಮಷೀನ್ ಅದ ಅಲ್ರಿ."

"ಅದನ್ನ ಚಹಾ ಅಂದ್ರೆ ನಿಮ್ಮೂರೋರು ಜಾತಿಯಿಂದ ಹೊರಗೆ ಹಾಕ್ತಾರೆ."

ಅವಳು ನಗುತ್ತಿದ್ದಳು, ಏಳುತ್ತಿರಲಿಲ್ಲ. ಅವನು ಒಬ್ಬನೇ ಹೋಗಿ ಶುಂಠಿಯ ವಾಸನೆ ಹೊತ್ತು ಬರುತ್ತಿದ್ದ. ಅವಳ ಸ್ಕ್ರೀನು ಕಪ್ಪಾದಾಗಲೆಲ್ಲ ಅದರಲ್ಲಿ ಹಿಂದಿನ ಸಾಲು ಕಾಣುತ್ತಿತ್ತು. ಅವನು ತಲೆಯೆತ್ತಿ ಅವಳ ಕತ್ತನ್ನು, ಜಡೆಯನ್ನು ನೋಡಿ, ಕಳ್ಳನಂತೆ ಮತ್ತೆ ತಲೆ ತಗ್ಗಿಸುತ್ತಿದ್ದ. ತಾನು ಕಾಣುತ್ತೇನೆಂದು ಅವನಿಗೆ ಗೊತ್ತಿರಲಿಲ್ಲ. ಮೌಸ್ ಅಲ್ಲಾಡಿಸಿದರೆ ಅವನು ಮಾಯ. ತ್ರಿವೇಣಿ ಬಹಳ ಹೊತ್ತು ಮೌಸ್ ಮುಟ್ಟುತ್ತಿರಲಿಲ್ಲ.

ಒಂದು ಗುರುವಾರ ಅವಳೇ ಎದ್ದಳು. "ನಡೀರಿ."

"ಎಲ್ಲಿಗೆ?"

"ಚಹಾಕ್ಕ. ಇಷ್ಟ ದಿನ ಕರದು ಈಗ ಎಲ್ಲಿಗಂತ ಕೇಳ್ತೀರಲ್ಲ."

ರಸ್ತೆ ದಾಟುವಾಗ ಅವನು ಅವಳ ಕೈ ಹಿಡಿಯಲಿಲ್ಲ. ಪಕ್ಕದಲ್ಲೇ ಬಂದ, ಮೊಣಕೈ ತಾಗಿಯೂ ತಾಗದಂತೆ. ಅಂಗಡಿಯವನು ಎರಡು ಗ್ಲಾಸು ಮುಂದಿಟ್ಟ. ಅವಳಿನ್ನೂ ತನ್ನದನ್ನು ಎತ್ತಿಕೊಂಡಿರಲಿಲ್ಲ.

"ಕೋರ್ಟ್ ಕಾಗದ ಕೊಟ್ಟಕೂಡ್ಲೆ ಬೀದಿಗೆ ಇಳದೀ ಏನ?"

ಹಿಂದಿನಿಂದ ಬಂದ ಆ ದನಿ ಕಿವಿಗಿಂತ ಮೊದಲು ಅವಳ ಬೆನ್ನಿಗೆ ಕೇಳಿಸಿತು. ತಿರುಗುವುದರೊಳಗೆ ಶಿವರಾಜ ಹೆಲ್ಮೆಟ್ ಬೀಸಿದ್ದ. ಅದು ಶಮಂತನ ಬಾಯಿಗೆ ಬಿತ್ತು. ಗ್ಲಾಸು ಒಡೆಯಿತು. ಅವನು ಮಂಡಿಯೂರಿದ, ಎರಡನೆಯ ಏಟು ಹುಬ್ಬಿನ ಮೇಲೆ. ಮೂರನೆಯದು ಕಾಲಿನಿಂದ, ಪಕ್ಕೆಗೆ.

ಆಮೇಲೆ ಅವಳ ಜಡೆ ಶಿವರಾಜನ ಮುಷ್ಟಿಗೆ ಸುತ್ತಿಕೊಂಡಿತು. ಅದೇ ಎರಡು ಸುತ್ತು. ಅವಳ ಕತ್ತು ತಾನಾಗಿ ಬಾಗಿತು, ಕಣ್ಣು ತಾವಾಗಿ ಮುಚ್ಚಿದವು. ದೇಹ ಹಳೆಯ ಪಾಠ ಮರೆತಿರಲಿಲ್ಲ. ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಮುಗಿಯುತ್ತದೆ ಎಂದು ಅದು ಹೇಳಿತು.

ಕಣ್ಣು ತೆರೆದಾಗ ಶಮಂತ್ ಕಾಣಿಸಿದ. ಗಾಜಿನ ಚೂರುಗಳ ಮೇಲೆ ಅಂಗೈಯೂರಿ, ರಕ್ತ ಉಗುಳುತ್ತ, ಅವಳ ಕಡೆಗೆ ತೆವಳುತ್ತಿದ್ದ.

ತ್ರಿವೇಣಿ ಕತ್ತು ಹೊರಳಿಸಿ ಶಿವರಾಜನ ಮಣಿಕಟ್ಟನ್ನು ಕಚ್ಚಿದಳು. ಹಲ್ಲು ಚರ್ಮ ಹರಿದು ಒಳಗೆ ಇಳಿಯಿತು. ಅವನು ಇನ್ನೊಂದು ಕೈಯಿಂದ ಅವಳ ಕಿವಿಗೆ ಹೊಡೆದ, ಮತ್ತೆ ಹೊಡೆದ. ಅವಳು ಬಿಡಲಿಲ್ಲ. ಬಾಯಿ ತುಂಬ ಉಪ್ಪಾಯಿತು. ಆಗ ಶಿವರಾಜ ಕಿರುಚಿದ. ಅಷ್ಟು ವರ್ಷದ ಸಂಸಾರದಲ್ಲಿ ಅಲ್ಲಿಯವರೆಗೆ ಹಾಗೆ ಕಿರುಚಿದವಳು ಅವಳೊಬ್ಬಳೇ.

ಜನ ಬಂದು ಅವನನ್ನು ನೆಲಕ್ಕೆ ಕೆಡವಿದ ಮೇಲೂ ಅವಳ ದವಡೆ ಸಡಿಲಲು ಹೊತ್ತು ಹಿಡಿಯಿತು.

ಆಸ್ಪತ್ರೆಗೆ ಹೋಗುವ ರಿಕ್ಷಾದಲ್ಲಿ ಅವಳು ದುಪ್ಪಟ್ಟಾವನ್ನು ಶಮಂತನ ಬಾಯಿಗೆ ಒತ್ತಿ ಹಿಡಿದಿದ್ದಳು.

"ಸಾರಿ," ಎಂದ ಅವನು ಬಟ್ಟೆಯೊಳಗಿಂದ. "ಆ ಮೀನಿನ ಕಥೆ ಹೇಳಿ ನಿಮ್ಮನ್ನ ಹೊರಗೆ ಎಳೆದೆ."

"ನಿಮ್ಮ ಮೀನ ಹಾಳಾಗ್ಲಿ. ನಿಮ್ಮ ಜೋಡಿ ಕೂತು ಚಹಾ ಕುಡೀಬೇಕು ಅನಿಸ್ತು, ಬಂದೆ. ಬಾಯಿ ಮುಚ್ಚಿ ಕೂಡ್ರಿ."

ಅವನು ಮುಚ್ಚಿದ. ಊದಿದ ಕಣ್ಣಿನಿಂದ ಅವಳನ್ನೇ ನೋಡಿದ. ಈ ಸಲ ಅವನು ನೋಟ ಕದಿಯಲಿಲ್ಲ.

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಡಾಕ್ಟರು ಏನಾಯಿತೆಂದು ಕೇಳಿದರು. ಶಮಂತ್ ಅವಳತ್ತ ಒಮ್ಮೆ ನೋಡಿ, "ಬೈಕಿಂದ ಬಿದ್ದೆ," ಎಂದ.

ತ್ರಿವೇಣಿಗೆ ಮೈಯೆಲ್ಲ ಉರಿಯಿತು. ಶಿವರಾಜನ ಮೇಲೂ ಅಷ್ಟು ಸಿಟ್ಟು ಬಂದಿರಲಿಲ್ಲ.

"ಯಾಕ ಹಂಗ ಹೇಳಿದ್ರಿ?"

"ನಿಮ್ಮ ಹೆಸರು ಬರತ್ತೆ. ಮತ್ತೆ ಪೊಲೀಸು, ಕೋರ್ಟು, ಅವನ ಮುಖ ನೋಡ್ಬೇಕು ನೀವು."

"ಬಾತ್‌ರೂಮಿನಾಗ ಜಾರಿ ಬಿದ್ದೆ ಅಂತ ನಾ ಎಷ್ಟು ಡಾಕ್ಟರಿಗೆ ಹೇಳೀನಿ ಗೊತ್ತೇನ್ರಿ? ಅದರಿಂದನ ಅವ ಇಷ್ಟು ಬೆಳದ. ನನ್ನ ಸಲುವಾಗಿ ನೀವು ಆ ಸುಳ್ಳು ಹೇಳಬ್ಯಾಡ್ರಿ. ಹೇಳಿದ್ರ ನಾ ಈಗ ಎದ್ದು ಹೋಗತೇನಿ, ತಿರುಗಿ ಬರಂಗಿಲ್ಲ."

ಡಾಕ್ಟರ ಕಡೆ ತಿರುಗಿ ಮರಾಠಿಯಲ್ಲಿ ಹೇಳಿದಳು: ನನ್ನ ಮಾಜಿ ಗಂಡ ಹೆಲ್ಮೆಟ್‌ನಿಂದ ಹೊಡೆದ. ಪೊಲೀಸರನ್ನು ಕರೆಸಿರಿ.

ಹರ್ಷದಾ ಎಂಬ ಕಾನ್‌ಸ್ಟೆಬಲ್ ಬಂದಾಗ ಡಾಕ್ಟರು ಶಮಂತನ ತುಟಿಗೆ ಹೊಲಿಗೆ ಹಾಕುತ್ತಿದ್ದರು. ತ್ರಿವೇಣಿ ಮುರಿದ ಮುಂಗೈಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ಕಚ್ಚಿದ್ದನ್ನೂ ಬಿಡಲಿಲ್ಲ. ಹರ್ಷದಾ ಬರೆಯುತ್ತ ಬರೆಯುತ್ತ ಗದ್ದದಿಂದಲೇ ಮಂಚದತ್ತ ಸನ್ನೆ ಮಾಡಿದಳು.

"ಹೇ ತುಮಚೇ ಕೋಣ?"

ಇವರು ನಿಮಗೇನಾಗಬೇಕು. ಸಹೋದ್ಯೋಗಿ ಎಂದರೆ ಸಾಕಿತ್ತು, ಅದು ಸುಳ್ಳೂ ಅಲ್ಲ. ತ್ರಿವೇಣಿ ಅವನ ರಕ್ತ ಒಣಗಿದ ಅಂಗೈ ನೋಡಿದಳು. ಗಾಜಿನ ಒಂದು ಸಣ್ಣ ಚೂರು ಅಲ್ಲಿನ್ನೂ ಹೊಳೆಯುತ್ತಿತ್ತು.

"ಇವರನ್ನು ಮದುವೆಯಾಗಬೇಕು ಅಂತಿದ್ದೇನೆ," ಎಂದಳು ಮರಾಠಿಯಲ್ಲೇ. "ಇನ್ನೂ ಕೇಳಿಲ್ಲ."

ಹರ್ಷದಾಳ ಪೆನ್ನು ನಿಂತಿತು. "ಮಗ್ ವಿಚಾರಾ ನಾ," ಎಂದಳು, ಹಾಗಾದರೆ ಕೇಳಿಬಿಡಿ ಎಂಬಂತೆ ಕುರ್ಚಿ ಎಳೆದುಕೊಂಡು. "ನಾನು ಏನಾದರೂ ಬರೀಬೇಕಲ್ಲ."

ತ್ರಿವೇಣಿ ಮಂಚದ ಹತ್ತಿರ ಹೋದಳು. ಅವನ ತುಟಿಯಲ್ಲಿ ಸೂಜಿಯಿತ್ತು, ದಾರ ಇನ್ನೂ ಡಾಕ್ಟರ ಕೈಯಲ್ಲಿತ್ತು.

"ನಾ ಹೇಳಿದ್ದು ಕೇಳಿಸ್ತೇನ್ರಿ? ಒಪ್ಪಿಗಿ ಅದ ಏನು?"

ಅವನು ಹೌದೆಂದು ತಲೆಯಾಡಿಸಿದ. ಹೊಲಿಗೆಯ ಅಂಚಿನಿಂದ ಹೊಸ ರಕ್ತ ಜಿನುಗಿ ಗದ್ದಕ್ಕಿಳಿಯಿತು.

ಅಲುಗಾಡಬೇಡಿ ಎಂದು ಡಾಕ್ಟರು ಗದರಿದರು. ಶಮಂತ್ ತಲೆಯಾಡಿಸುವುದನ್ನು ನಿಲ್ಲಿಸಲಿಲ್ಲ.