ನಲವತ್ತು ಮೀಟರ್ ಕಡಿಮೆ

ಮೂರನೆಯ ಓಟವೂ ಕೈತಪ್ಪಿತ್ತು, ರದ್ದಾಗಿದೆಯಂತೆ. ಲಾಂಡ್ರಿಯ ಕೌಂಟರಿನಲ್ಲಿ ಮೊಬೈಲ್ ಹಿಡಿದು ನಿಂತಿದ್ದ ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಒಂದು ತಿಂಗಳಿಂದ ಇದೇ ಗೋಳು. ಹತ್ತಿರದಲ್ಲಿ ಎಲ್ಲಾದರೂ ಮಕ್ಕಳ ಓಟ ಇದೆಯೇ ಎಂದು ಹುಡುಕಿ ಹುಡುಕಿ ಕಣ್ಣು ಸೋತಿತ್ತು. ಮೊದಲು ಸಿಕ್ಕಿದ್ದು ಹೋದ ವರ್ಷದ ತಾರೀಖು. ಅಕ್ಕನ ಮಗಳು ಗುಬ್ಬಿಯನ್ನು ಬೆಳಗ್ಗೆ ಆರಕ್ಕೆ ಎಬ್ಬಿಸಿಕೊಂಡು ಹೋದರೆ ಮೈದಾನದಲ್ಲಿ ಎರಡು ನಾಯಿ ಬಿಟ್ಟು ಯಾರೂ ಇರಲಿಲ್ಲ. ಎರಡನೆಯದಕ್ಕೆ ಹನ್ನೆರಡು ವರ್ಷ ತುಂಬಿರಬೇಕಂತೆ. ಗುಬ್ಬಿಗೆ ಏಳು.

ಈ ಭಾನುವಾರ ಸಂಜೆ ಅಕ್ಕ ಬಂದು ಗುಬ್ಬಿಯನ್ನು ಕರೆದುಕೊಂಡು ಹೋಗುತ್ತಾಳೆ. ಎರಡು ವರ್ಷ ಸಾಕಿದ ಮಗು ಹೋಗುವ ಮೊದಲು ಕೇಳಿದ್ದು ಇದೊಂದೇ. ನಿನ್ನೆ ಗುಬ್ಬಿ ಆ ಆಸೆಯನ್ನೂ ಕೈಬಿಟ್ಟಿದ್ದಳು. "ಬಿಡು ಚಿಕ್ಕಮ್ಮ, ನೀನು ಹಂಗೇ ಹೇಳ್ತಿರ್ತೀಯ."

ರದ್ದತಿಯ ಸೂಚನೆಯ ಕೆಳಗಿದ್ದ ನಂಬರನ್ನು ಅವಳು ಹಲ್ಲು ಕಚ್ಚಿಕೊಂಡು ಒತ್ತಿದಳು. ಕೌಂಟರಿನ ಆಚೆ ಬದಿಯಲ್ಲೇ ಫೋನ್ ರಿಂಗಾಯಿತು.

ಅಲ್ಲಿ ಸರ್ವೇಯರ್ ನಿಂತಿದ್ದ. ಆರು ವಾರದಿಂದ ದಿನಕ್ಕೊಂದೇ ಶರ್ಟನ್ನು ಇಸ್ತ್ರಿಗೆ ತರುವ ಗಿರಾಕಿ.

"ನೀವಾ?"

"ನಾನೇ. ಓಟದ ದಾರಿ ಅಳೆಯೋನು ನಾನು. ಪಾರ್ಕಿಗೆ ಹೊಸ ಬೇಲಿ ಹಾಕಿಬಿಟ್ಟಿದ್ದಾರೆ. ಒಂದು ಕಿಲೋಮೀಟರಿಗೆ ನಲವತ್ತು ಮೀಟರ್ ಕಡಿಮೆ ಬಂತು."

"ಅಷ್ಟಕ್ಕೇ ರದ್ದಾ? ಏಳು ವರ್ಷದ ಮಗು ಏನು ಟೇಪ್ ಹಿಡ್ಕೊಂಡು ಓಡತ್ತಾ?"

"ಇಲ್ಲ. ಆದ್ರೆ ಒಂದು ಕಿಲೋಮೀಟರ್ ಓಡಿದ್ದೆ ಅಂತ ಎಲ್ಲರ ಹತ್ರ ಹೇಳ್ಕೊಳ್ಳತ್ತಲ್ಲ. ಅದು ಸುಳ್ಳಾಗಬಾರದು."

ಎಂಥ ಮನುಷ್ಯನಪ್ಪಾ ಇವನು! ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಅವನ ಕಣ್ಣಲ್ಲಿ ಕಪಟವಿರಲಿಲ್ಲ. ಅದು ತನಗೆ ಹಿಡಿಸಿತೆಂದೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಹಾಗಾದ್ರೆ ಆ ನಲವತ್ತು ಮೀಟರ್ ಎಲ್ಲಿಂದಾದ್ರೂ ಹುಡುಕಿ ತನ್ನಿ. ಅಲ್ಲೀತನಕ ನಿಮ್ಮ ಶರ್ಟಿಗೆ ಇಸ್ತ್ರಿ ಇಲ್ಲ."

ನಾಲ್ಕು ದಿನ ಅವನು ಸುಕ್ಕು ಶರ್ಟಿನಲ್ಲೇ ಅಳತೆಯ ಚಕ್ರ ತಳ್ಳಿಕೊಂಡು ಬೀದಿ ಬೀದಿ ತಿರುಗಿದ. ಕಿಟಕಿಯಿಂದ ನೋಡುತ್ತ ಅವಳು ಯಾರದೋ ಕಾಲರ್ ಸುಟ್ಟಳು. ಕಣ್ಣು ಕೂಡಿದಾಗೆಲ್ಲ ಥಟ್ಟನೆ ಮುಖ ತಿರುಗಿಸಿದಳು. ಶನಿವಾರ ಸೂಚನೆ ಬಂತು. ಓಟ ಇದೆ, ದಾರಿ ಲಾಂಡ್ರಿಯ ಓಣಿಯನ್ನು ಸುತ್ತಿಕೊಂಡು ಹೋಗುತ್ತದೆ.

ಭಾನುವಾರ ಬೆಳಗ್ಗೆ ನಂಬರ್ ಕೊಡುವ ಮೇಜಿನ ಹಿಂದಿದ್ದ ಹೆಂಗಸು ತಲೆ ಅಲ್ಲಾಡಿಸಿದಳು. "ಎಂಟು ವರ್ಷದೊಳಗಿನವರಿಗೆ ಇಬ್ಬರು ದೊಡ್ಡವರು ಬೇಕಮ್ಮ. ಒಬ್ಬರು ಜೊತೆಗೆ ಓಡೋಕೆ, ಇನ್ನೊಬ್ಬರು ಕೊನೇ ಗೆರೆ ಹತ್ರ ಕಾಯೋಕೆ. ಮನೆಯವರೇ ಆಗಬೇಕು."

ಗುಬ್ಬಿ ಅಲ್ಲೇ ಕೂತು ಶೂ ಲೇಸ್ ಬಿಚ್ಚತೊಡಗಿದಳು.

ಪಕ್ಕದಲ್ಲಿದ್ದ ಸರ್ವೇಯರ್ ಪೆನ್ನು ತೆಗೆದುಕೊಂಡು ಫಾರ್ಮಿನಲ್ಲಿ ತನ್ನ ಹೆಸರು ಬರೆದ. ಸಂಬಂಧ ಎಂಬ ಕಾಲಂ ಬಂದಾಗ ಪೆನ್ನು ನಿಂತುಬಿಟ್ಟಿತು.

"ಸೋದರಮಾವ ಅಂತ ಏನೋ ಒಂದು ಗೀಚಿ," ಎಂದು ಅವಳು ಪಿಸುಗುಟ್ಟಿದಳು.

"ಸುಳ್ಳು ಬರೆಯೋಕೆ ಬರಲ್ಲ ನಂಗೆ."

"ಅಯ್ಯೋ ದೇವರೇ! ಈಗಲೂನಾ?"

ಅವನ ಕಿವಿ ಕೆಂಪಾಯಿತು. "ನೀವು ಒಪ್ಪಿದ್ರೆ ಚಿಕ್ಕಪ್ಪ ಅಂತ ಬರೀತೀನಿ. ಆಗ ಸುಳ್ಳಾಗಲ್ಲ. ಆರು ವಾರದಿಂದ ಕೇಳಬೇಕು ಅಂತಿದ್ದೆ, ಧೈರ್ಯ ಸಾಲಲಿಲ್ಲ."

ಮೈಕಿನಲ್ಲಿ ಎರಡೇ ನಿಮಿಷವಿದೆ ಎಂದು ಕೂಗಿದರು.

"ಇದನ್ನ ಕೇಳೋಕೆ ಇದೇ ಹೊತ್ತು ಸಿಕ್ತಾ ನಿಮಗೆ?"

"ಚಿಕ್ಕಮ್ಮಾ, ಬೇಗ ಹೂಂ ಅನ್ನು!" ಗುಬ್ಬಿ ಆಗಲೇ ಲೇಸ್ ಕಟ್ಟುತ್ತಿದ್ದಳು.

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

"ಬರೀರಿ," ಎಂದಳು. "ದುಂಡಗೆ ಬರೀತಾ ಕೂತ್ಕೋಬೇಡಿ."

ಬರೆದು ಅವನು ಕೊನೆಯ ಗೆರೆಯ ಕಡೆ ಓಡಿದ. ಅವಳೂ ಗುಬ್ಬಿಯೂ ಕೈ ಹಿಡಿದುಕೊಂಡು ಮೊದಲ ಗೆರೆಯ ಕಡೆ ಓಡಿದರು.